ಬೆಚ್ಚದ ಕುದುರೆ

ನಮ್ಮ ಮನೆಯಲ್ಲಿ ದೊಡ್ಡ ಕೋಣೆ ಕುದುರೆಯದು. ಗಂಗಾವತಿಯ ಹಳೇ ಪೇಟೆಯ ಹಿಂದಿನ ಓಣಿಗೆ ಬಾಯಿ ತೆರೆದುಕೊಂಡಿದ್ದ ಆ ಕೋಣೆಗೆ ಕಲ್ಲುಹಾಸಿತ್ತು, ಎತ್ತರದ ಬಾಗಿಲಿತ್ತು, ಗಾಳಿಗೆ ಎರಡು ಕಿಟಕಿಗಳಿದ್ದವು. ಅದರ ಹಿಂದೆ ಉಳಿದ ಜಾಗದಲ್ಲಿ ನಾವು ಇದ್ದೆವು: ಅಬ್ಬಾ, ಅಮ್ಮಿ, ಅಬ್ಬಾನ ತಾಯಿ ದಾದಿ ಮತ್ತು ನಾನು. ನಮಗೆ ಒಂದು ಅಡುಗೆಮನೆ, ಒಂದು ಮಲಗುವ ಕೋಣೆ, ಹಿತ್ತಲಲ್ಲಿ ನೀರಿನ ತೊಟ್ಟಿ. ಮನೆಗೆ ಬಂದ ನೆಂಟರು ಕುದುರೆಯ ಪಕ್ಕದಲ್ಲೇ ನುಸುಳಿ ಒಳಗೆ ಬರಬೇಕಿತ್ತು. ಹೊಸಬರು ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಗೆಳೆದುಕೊಂಡು, ದೇವರ ಹೆಸರು ಹೇಳುತ್ತ ದಾಟುತ್ತಿದ್ದರು. ಅಮ್ಮಿಯ ತವರಿನವರಂತೂ ಕುದುರೆಯ ಮನೆಯಲ್ಲಿ ನೀವು ಬಾಡಿಗೆಗಿದ್ದೀರಿ ಎಂದು ಆಡಿಕೊಂಡು ನಗುತ್ತಿದ್ದರು. ಅಡುಗೆಮನೆಗೂ ಕುದುರೆಯ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ನೆನೆಸಿದ ಹುರಳಿಯ ಬುಟ್ಟಿಯನ್ನು ಅಮ್ಮಿ ಅದರಿಂದಲೇ ಆಚೆ ದಾಟಿಸುತ್ತಿದ್ದಳು. ಆ ಕಡೆಯಿಂದ ಕುದುರೆಯ ಬಿಸಿ ಉಸಿರು ಬಂದರೆ ಈ ಕಡೆಯಿಂದ ಒಗ್ಗರಣೆಯ ಹೊಗೆ ಹೋಗುತ್ತಿತ್ತು. ಮೆಣಸಿನಕಾಯಿ ಹಾಕಿದ ದಿನ ಎರಡೂ ಕಡೆ ಸೀನು. ಬೇರೆಯವರ ಮನೆಗೆ ಹೋದಾಗ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಗೋಡೆಯ ಆಚೆ ಯಾರೂ ಕಾಲು ಬದಲಿಸುವ ಸದ್ದಿಲ್ಲದ ಮನೆ ನನ್ನ ಪಾಲಿಗೆ ಮನೆಯೇ ಅಲ್ಲ.

ನಮ್ಮ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಜಗಳ ಶುರುವಾದರೆ ಪೂರ್ತಿ ಕನ್ನಡ. ದಾದಿ ಮತ್ತು ಅಮ್ಮಿಯ ನಡುವೆ ಜಗಳಕ್ಕೆ ವಿಷಯದ ಬರ ಇರಲಿಲ್ಲ. ಗಿರಣಿಯಿಂದ ತಂದ ತೌಡನ್ನು ಯಾರು ಜರಡಿ ಹಿಡಿಯಬೇಕು, ಲದ್ದಿ ಬಳಿದವರು ಕೈ ತೊಳೆದದ್ದು ಸಾಕೋ ಸಾಲದೋ, ಮೊದಲ ರೊಟ್ಟಿ ಕುದುರೆಗೋ ಅಬ್ಬಾನಿಗೋ ಎಂದು ಅವರು ದಿನಕ್ಕೊಂದು ಸಲ ತಿಕ್ಕಾಡದಿದ್ದರೆ ಇಬ್ಬರಿಗೂ ಊಟ ರುಚಿಸುತ್ತಿರಲಿಲ್ಲ. ಮೊದಲ ರೊಟ್ಟಿ ಕುದುರೆಗೇ ಹೋಗುತ್ತಿತ್ತು. ಗುರುವಾರ ಸಂಜೆ ಲೋಬಾನದ ಹೊಗೆಯೂ ಮೊದಲು ಅದರ ಮುಖಕ್ಕೆ, ಆಮೇಲೆ ನಮ್ಮ ಮುಖಕ್ಕೆ. ಅಬ್ಬಾ ಈ ಜಗಳಗಳಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದ. ಅವನ ಮಾತೆಲ್ಲ ಕುದುರೆಗೆ ಮೀಸಲು. ಅದರ ಜೊತೆ ಮಾತ್ರ ಅವನು ಕನ್ನಡ ಬಿಟ್ಟು ಬೇರೆ ಆಡಿದವನಲ್ಲ. ಅವನ ಕೈಯಲ್ಲಿ ಬಾರುಕೋಲು ಇರುತ್ತಿತ್ತು, ಆದರೆ ಅದು ತೋರಿಕೆಗೆ. ಟಾಂಗಾ ಓಡುತ್ತಿದ್ದುದು ಅವನ ಬಾಯಿಂದ. ನಡೆಯಲು ಒಂದು ದನಿ, ನಿಲ್ಲಲು ಒಂದು ದನಿ, ಎದುರಿಗೆ ಲಾರಿ ಬಂದರೆ ಅಂಜಬೇಡ ಎನ್ನಲು ಇನ್ನೊಂದು. ನಮ್ಮ ಬೂದಿ ಎಂಬ ಹಳೆಯ ಹೆಣ್ಣು ಕುದುರೆ ಅವನ ಕೆಮ್ಮು ಕೇಳಿದರೂ ಓಣಿಯ ತುದಿಯಿಂದಲೇ ಕೆನೆಯುತ್ತಿತ್ತು. ಗಂಡ ಮನೆಗೆ ಬರುತ್ತಿದ್ದಾನೆಂದು ಅಮ್ಮಿಗೆ ಗೊತ್ತಾಗುತ್ತಿದ್ದುದು ಹಾಗೆಯೇ; ಅದು ಕೆನೆದ ಮೇಲೆ ಹಂಚು ಒಲೆಗೆ ಏರುತ್ತಿತ್ತು.

ಟಾಂಗಾ ಸ್ಟ್ಯಾಂಡಿನಲ್ಲಿ ಯಾರು ಕುದುರೆ ಕೊಳ್ಳಲು ಹೊರಟರೂ ಅಬ್ಬಾನನ್ನು ಕರೆದುಕೊಂಡು ಹೋಗುತ್ತಿದ್ದರು. ಮಕ್ತುಂ ನೋಡಿ ಹೂಂ ಅಂದರೆ ಮುಗಿಯಿತು, ಮತ್ತೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸಾಲೆ ಇಲ್ಲದ ದಿನ ನಾನೂ ಬೆನ್ನುಬೀಳುತ್ತಿದ್ದೆ. ಅಗ್ಗದ ಕುದುರೆಯನ್ನು, ಅದರಲ್ಲೂ ಗಾಡಿ ಕಾಣದ ಎಳೆಯ ಕುದುರೆಯನ್ನು ನೋಡುವ ಅವನ ಕ್ರಮವೇ ಬೇರೆ. ಮೊದಲು ಹತ್ತಿರ ಹೋಗುತ್ತಿರಲಿಲ್ಲ. ದೂರದಲ್ಲಿ ಕೂತು ಬೀಡಿ ಹಚ್ಚಿ, ಅದು ನಾಲ್ಕೂ ಕಾಲಿನ ಮೇಲೆ ಸಮನಾಗಿ ನಿಂತಿದೆಯೋ, ಒಂದೇ ಕಾಲನ್ನು ಪದೇ ಪದೇ ಹಗುರ ಮಾಡುತ್ತಿದೆಯೋ ಎಂದು ನೋಡುತ್ತಿದ್ದ. ಆಮೇಲೆ ಬಾಯಿ ಬಿಡಿಸಿ ಹಲ್ಲು. ನಡುವಿನ ಹಾಲುಹಲ್ಲು ಬಿದ್ದು ದೊಡ್ಡವು ಬಂದಿವೆಯೋ ಇಲ್ಲವೋ, ಮಾರುವವನು ಹೇಳಿದ ವಯಸ್ಸಿಗೂ ಹಲ್ಲಿಗೂ ತಾಳೆ ಬೀಳುತ್ತದೋ ಇಲ್ಲವೋ ಎಂದು ನನಗೂ ತೋರಿಸುತ್ತಿದ್ದ. ಅಂಗೈಯನ್ನು ಮೊಣಕಾಲಿನಿಂದ ಕೆಳಗೆ ನಿಧಾನ ಜಾರಿಸಿ ಎಲ್ಲಾದರೂ ಬಿಸಿ ಇದೆಯೋ ಬಾವು ಇದೆಯೋ ನೋಡುತ್ತಿದ್ದ. ಗೊರಸು ಎತ್ತಿ ಮೂಗು ಹಚ್ಚಿ ಮೂಸುತ್ತಿದ್ದ. ಕೊಳೆತ ವಾಸನೆ ಬಂದರೆ ಅಲ್ಲಿಂದಲೇ ಎದ್ದು ಬರುತ್ತಿದ್ದ. ಓಡಿಸಿ ತಂದು ಪಕ್ಕೆಗೆ ಕಿವಿ ಹಚ್ಚುತ್ತಿದ್ದ. ಗಾಳಿ ಬೀಸದ ಹಾಗೆ ಒಂದೊಂದು ಕಣ್ಣಿನ ಮುಂದೆಯೂ ಕೈ ಆಡಿಸುತ್ತಿದ್ದ. ಜೊತೆಯ ಕುದುರೆಗಳನ್ನು ಬಿಡಿಸಿ ಒಂಟಿಯಾಗಿ ಅಷ್ಟು ದೂರ ನಡೆಸುತ್ತಿದ್ದ, ಏಕೆಂದರೆ ಎಳೆಯ ಕುದುರೆಯ ನಿಜವಾದ ಗುಣ ಗೊತ್ತಾಗುವುದು ಅದು ಒಂಟಿಯಾದಾಗ. ಅಗ್ಗವೇಕೆ ಎಂದು ಅವನು ಎಂದೂ ಕೇಳಿದವನಲ್ಲ. ಇವತ್ತೇ ಏಕೆ ಮಾರುತ್ತಿದ್ದೀ ಎಂದು ಕೇಳಿ ಮಾರುವವನ ಮುಖ ನೋಡುತ್ತಿದ್ದ. ಕೊನೆಯದು ಡಬ್ಬಿ. ಎಣ್ಣೆಯ ಖಾಲಿ ಡಬ್ಬಿಯಲ್ಲಿ ಬೆಣಚುಕಲ್ಲು ತುಂಬಿಕೊಂಡು ಕುದುರೆಯ ಹಿಂದೆ ನಿಂತು ಒಮ್ಮೆಲೇ ಗಲಗಲ ಅಲ್ಲಾಡಿಸುವುದು. ಪೇಟೆಯಲ್ಲಿ ದುಡಿಯುವ ಕುದುರೆ ಹಾರ್ನಿಗೆ ಬೆಚ್ಚಬಾರದು. ಡಬ್ಬಿಯ ಸದ್ದಿಗೆ ಎರಡು ಕಾಲ ಮೇಲೆ ಎದ್ದ ಕುದುರೆಯನ್ನು ಅವನು ಕೊಡಿಸುತ್ತಿರಲಿಲ್ಲ. ಬೆಚ್ಚಿ, ತಡೆದುಕೊಂಡು, ಮತ್ತೆ ಮೇಯಲು ತಲೆ ಬಗ್ಗಿಸಿದ್ದನ್ನು ಕೊಡಿಸುತ್ತಿದ್ದ. ಸಣ್ಣಗಾದರೂ ಬೆಚ್ಚದೆ ಇರುವ ಎಳೆ ಕುದುರೆ ಅವನಿಗೆ ಅದುವರೆಗೆ ಸಿಕ್ಕಿರಲೇ ಇಲ್ಲ.

ಬೂದಿಗೆ ವಯಸ್ಸಾಗುತ್ತ ಬಂತು. ಏರು ಬಂದಲ್ಲಿ ನಿಲ್ಲುತ್ತಿತ್ತು, ಹುರಳಿ ಅಗಿಯಲಾಗದೆ ಬಾಯಿಂದ ಚೆಲ್ಲುತ್ತಿತ್ತು. ಅದೇ ಹೊತ್ತಿಗೆ ಬಸ್ ನಿಲ್ದಾಣದ ಎದುರು ಆಟೋಗಳು ಸಾಲು ನಿಲ್ಲತೊಡಗಿದ್ದವು. ಸ್ಟ್ಯಾಂಡಿನ ಅರ್ಧ ಜನ ಟಾಂಗಾ ಮಾರಿ ಕೈ ತೊಳೆದುಕೊಂಡಿದ್ದರು. ದಾದಿ, ನೀನೂ ಬಿಡು ಎಂದಳು. ಅಬ್ಬಾ ಬಿಡಲು ತಯಾರಿರಲಿಲ್ಲ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ ಎಂಬುದು ಒಂದು ಮಾತು. ಕುದುರೆ ಇಲ್ಲದಿದ್ದರೆ ಅವನು ಯಾರ ಜೊತೆ ಮಾತಾಡಬೇಕಿತ್ತು ಎಂಬುದು ಇನ್ನೊಂದು. ಗಾಡಿ ಪಳಗಿದ ಕುದುರೆ ಕೊಳ್ಳುವ ತ್ರಾಣ ನಮಗೆ ಇರಲಿಲ್ಲ. ಹಾಗಾಗಿ ಬೂದಿ ಕಾಲೂರಿ ನಿಂತಿರುವಾಗಲೇ ಒಂದು ಎಳೆಯದನ್ನು ತಂದು, ಅದರ ಪಕ್ಕದಲ್ಲೇ ಕಲಿಸಿ, ಅದು ನಿಲ್ಲುವಷ್ಟರಲ್ಲಿ ಇದನ್ನು ಹೂಡಬೇಕು ಎಂದು ಅವನು ಲೆಕ್ಕ ಹಾಕಿದ. ಅದು ಸಾಧ್ಯವಾದರೆ ನಮ್ಮದು ಟಾಂಗಾದವರ ಮನೆಯಾಗಿ ಉಳಿಯುತ್ತಿತ್ತು. ಇಲ್ಲದಿದ್ದರೆ ಇಲ್ಲ.

ಯಲಬುರ್ಗಾ ಕಡೆ ಎರೆಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವ ಕುರುಬರು ಬಂದಿದ್ದಾರೆ, ಅವರ ಸಾಮಾನು ಹೊರುವ ಕುದುರೆಗಳಲ್ಲಿ ಒಂದು ಗಂಡುಮರಿ ಹೆಚ್ಚಾಗಿದೆ ಎಂದು ಸುದ್ದಿ ಬಂತು. ಅಬ್ಬಾ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದ. ಕುಷ್ಟಗಿಯ ದಾರಿಯಲ್ಲಿ ಇಳಿದು ಹೊಲದೊಳಗೆ ನಡೆದೆವು. ಕಣ್ಣು ಹಾಯುವವರೆಗೆ ಕರಿಮಣ್ಣು, ಅದರ ಮೇಲೆ ಕುರಿ, ಕುರಿಯ ಗದ್ದಲ, ನಾಯಿಗಳು. ಆ ಮರಿಯನ್ನು ನೋಡಿ ನನಗೆ ಕೂಡಲೇ ಬೇಕೆನ್ನಿಸಿತು. ಕೆಂಪು ಮೈ, ಮುಖ ಮಾತ್ರ ಹಣೆಯಿಂದ ತುಟಿಯವರೆಗೆ ಸುಣ್ಣ ಬಳಿದಂತೆ ಬಿಳಿ, ಎರಡೂ ಕಣ್ಣು ಬೆಳ್ಳಗೆ ನೀಲಿ. ಅಬ್ಬಾ ಅವಸರ ಮಾಡಲಿಲ್ಲ. ದೂರದಲ್ಲಿ ಕೂತು ನೋಡಿದ, ಹಲ್ಲು ನೋಡಿದ, ಕಾಲು ಸವರಿದ, ಗೊರಸು ಮೂಸಿದ, ಓಡಿಸಿದ. ಬೆಳ್ಳಗಣ್ಣಿನ ಮುಂದೆ ಕೈ ಆಡಿಸಿ ನೋಟ ಚೆನ್ನಾಗಿದೆ ಎಂದು ಖಚಿತ ಮಾಡಿಕೊಂಡ. ಒಂಟಿಯಾಗಿ ನಡೆಸಿಕೊಂಡು ಹೋದರೆ ಅದು ತಾಯಿಯ ಕಡೆ ತಿರುಗಿಯೂ ನೋಡದೆ ಅವನ ಹಿಂದೆ ಬಂತು. ತಾಯಿ ಅಲ್ಲಿಂದ ಕೂಗಿಕೊಳ್ಳುತ್ತಿತ್ತು, ಮರಿ ಮಾತ್ರ ನಡೆಯುತ್ತಲೇ ಇತ್ತು. ಏನು ಧೈರ್ಯ ನೋಡು ಎಂದು ಅಬ್ಬಾ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಆಮೇಲೆ ಡಬ್ಬಿ ತೆಗೆದುಕೊಂಡು ಹಿಂದೆ ಹೋಗಿ ಗಲಗಲ ಅಲ್ಲಾಡಿಸಿದ. ಕುರಿಗಳು ಚೆಲ್ಲಾಪಿಲ್ಲಿಯಾದವು, ನಾಯಿಗಳು ಬೊಗಳಿದವು, ಉಳಿದ ಕುದುರೆಗಳು ಹಗ್ಗ ಜಗ್ಗಿದವು. ಕೆಂಪು ಮರಿ ಸೊಪ್ಪೆ ಅಗಿಯುತ್ತಲೇ ನಿಂತಿತ್ತು. ಅಬ್ಬಾ ಇನ್ನೂ ಹತ್ತಿರ ಹೋಗಿ, ಅದರ ಬಾಲದ ಹತ್ತಿರವೇ ಮತ್ತೊಮ್ಮೆ ಅಲ್ಲಾಡಿಸಿದ. ಅದರ ಮೈಮೇಲಿನ ಒಂದು ಕೂದಲೂ ಅಲುಗಲಿಲ್ಲ.

ಅಬ್ಬಾನ ಮುಖ ಅವತ್ತು ಹಬ್ಬದ ದಿನದ ಹಾಗೆ ಅರಳಿತ್ತು. ಕುರುಬರ ಹಿರಿಯ ಹತ್ತಿರ ಬಂದು ನಿಂತಿದ್ದ. ಇವತ್ತೇ ಏಕೆ ಮಾರುತ್ತೀ ಎಂಬ ಪ್ರಶ್ನೆಗೆ, ಮುಂದಿನ ಊರಿಗೆ ಹೊರಡಬೇಕು, ಹೊರೆಗಿಂತ ಕುದುರೆ ಹೆಚ್ಚಾಗಿವೆ ಎಂದ. ಮುಖದಲ್ಲಿ ಕಳ್ಳತನ ಇರಲಿಲ್ಲ. ಇದಕ್ಕೆ ಏನಾದರೂ ಐಬು ಇದೆಯೇ ಎಂದು ಅಬ್ಬಾ ನೇರವಾಗಿಯೇ ಕೇಳಿದ.

"ಐಬು ಏನಿಲ್ರಿ. ಹುಟ್ಟಿದಾಗಿಂದ ಹಿಂಗ ಐತಿ. ಸಿಡಿಲು ಬಡದ್ರೂ ಅಂಜಂಗಿಲ್ಲ."

ಆ ಮನುಷ್ಯ ಮೋಸ ಮಾಡಲಿಲ್ಲ ಎಂದೇ ನಾನು ಇವತ್ತಿಗೂ ನಂಬುತ್ತೇನೆ. ಅವರ ಕುದುರೆಗಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಬೆನ್ನ ಮೇಲೆ ಹೊರೆ ಹೇರಿದರೆ ಮುಂದಿನದರ ಹಿಂದೆ ಹಿಂದಿನದು ನಡೆಯುತ್ತದೆ, ಕುರಿ ನಿಂತಲ್ಲಿ ನಿಲ್ಲುತ್ತದೆ. ಅಲ್ಲಿ ಕುದುರೆಗೆ ಕಣ್ಣು ಸಾಕು. ಕಿವಿಯ ಅಗತ್ಯ ಬೀಳುವುದು ನಮ್ಮಂಥ ಮನೆಯಲ್ಲಿ, ಬಾಯಿಂದ ಗಾಡಿ ಓಡಿಸುವವನ ಕೈಯಲ್ಲಿ. ಅಬ್ಬಾ ಹಾಕಿದ ಪರೀಕ್ಷೆಯಲ್ಲಿ ಬುದ್ಧಿ ಇರುವ ಕುದುರೆಗಳೆಲ್ಲ ಅಷ್ಟೋ ಇಷ್ಟೋ ಸೋತಿದ್ದವು. ಪೂರ್ತಿ ಗೆದ್ದದ್ದು ಇದೊಂದೇ, ಮತ್ತು ಅದು ಏಕೆ ಗೆದ್ದಿತು ಎಂದು ಕೇಳಿಕೊಳ್ಳುವ ಮನಸ್ಸು ಅವನಿಗಿರಲಿಲ್ಲ. ಬೇಕೆಂದು ಹೋದವನಿಗೆ ಬೇಕಾದದ್ದೇ ಕಾಣುತ್ತದೆ. ಮುಂದೆ ನಾನು ಕುಷ್ಟಗಿಯ ಆಸ್ಪತ್ರೆಯಲ್ಲಿ ನರ್ಸಾಗಿ ಬಹಳ ವರ್ಷ ದುಡಿದೆ. ಮಕ್ಕಳ ವಾರ್ಡಿನಲ್ಲಿ ಅಳುವ ಮಗುವನ್ನು ಬಿಟ್ಟು ಅಳದೆ ಮಲಗಿದ ಮಗುವಿನ ಹತ್ತಿರ ಮೊದಲು ಹೋಗುವುದು ನನ್ನ ಅಭ್ಯಾಸ. ಜೊತೆಯವರು ಅದನ್ನು ತರಬೇತಿ ಎಂದುಕೊಂಡಿದ್ದರು. ಅದು ತರಬೇತಿಯಲ್ಲ, ಹೆದರಿಕೆ.

ಅಬ್ಬಾ ಪರಿಚಯದವರ ಜೊತೆ ನನ್ನನ್ನು ಬಸ್ಸಿಗೆ ಹತ್ತಿಸಿ, ತಾನು ಮರಿಯನ್ನು ನಡೆಸಿಕೊಂಡು ಊರಿಗೆ ಬಂದ. ದಾದಿ ಬಾಗಿಲಲ್ಲೇ ತಡೆದಳು. ಅವಳು ನೋಡುತ್ತಿದ್ದುದು ಹಲ್ಲನ್ನಲ್ಲ, ಮೈಮೇಲಿನ ಸುಳಿಗಳನ್ನು. ಎದೆಯ ಸುಳಿ, ಕತ್ತಿನ ಸುಳಿ, ಹಣೆಯ ಸುಳಿ ಎಲ್ಲ ಬೆರಳಿಟ್ಟು ನೋಡಿ, ಸುಳಿ ಪರವಾಗಿಲ್ಲ, ಆದರೆ ಬೆಳ್ಳಗಣ್ಣಿನ ಜನಾವರ ಮನೆಗೆ ಬೇಡ ಎಂದು ಹಟ ಹಿಡಿದಳು. ಅದು ಕಣ್ಣು, ಕಾಣಿಸುತ್ತದೆ, ಬಣ್ಣ ಕಟ್ಟಿಕೊಂಡು ನಿನಗೇನಾಗಬೇಕು ಎಂದು ಅಬ್ಬಾ ನಕ್ಕುಬಿಟ್ಟ. ಆ ನಗುವೇ ದಾದಿಯನ್ನು ಸುಮ್ಮನಾಗಿಸಿತು, ಏಕೆಂದರೆ ಅವನು ನಕ್ಕು ಬಹಳ ದಿನವಾಗಿತ್ತು. ಹೆಸರಿಟ್ಟವಳೂ ದಾದಿಯೇ. ಎಷ್ಟು ಕರೆದರೂ ಕತ್ತು ತಿರುಗಿಸುವುದಿಲ್ಲ, ದೊಡ್ಡ ನವಾಬ ಬಂದಿದ್ದಾನೆ ನಮ್ಮ ಮನೆಗೆ ಎಂದು ಅವಳು ಬೈದಳು. ಅಂದಿನಿಂದ ಅವನು ನವಾಬನಾದ. ಓಣಿಯ ಮಕ್ಕಳು ಸಾಲೆಗೆ ಹೋಗುವಾಗ ಅವನಿಗೆ ಸಲಾಂ ಹೊಡೆದು ಹೋಗುತ್ತಿದ್ದರು.

ಆ ಕೆಲವು ತಿಂಗಳು ನಮ್ಮ ಮನೆಯಲ್ಲಿ ಖುಷಿ ಇತ್ತು. ಬೆಳಗ್ಗೆ ಅಬ್ಬಾ ನವಾಬನನ್ನು ಬೂದಿಯ ಪಕ್ಕದಲ್ಲಿ ಉದ್ದನೆಯ ಹಗ್ಗದಲ್ಲಿ ನಡೆಸುತ್ತಿದ್ದ. ಬೂದಿ ನಡೆದರೆ ಅವನು ನಡೆಯುತ್ತಿದ್ದ, ನಿಂತರೆ ನಿಲ್ಲುತ್ತಿದ್ದ. ಎಷ್ಟು ಬೇಗ ಕಲಿಯುತ್ತಾನೆ ಎಂದು ಸ್ಟ್ಯಾಂಡಿನವರು ಬೆರಗಾಗುತ್ತಿದ್ದರು. ಅಬ್ಬಾ ಮನೆಗೆ ಬಂದು ರೊಟ್ಟಿ, ಪುಂಡಿಪಲ್ಯದ ಮುಂದೆ ಕೂತು, ಅದು ಹೀಗೆ ಮಾಡಿತು, ಹಾಗೆ ನೋಡಿತು ಎಂದು ಅಮ್ಮಿಗೆ ಹೇಳುತ್ತಿದ್ದ. ಮದುವೆಯಾದಂದಿನಿಂದ ಅವನು ಅಮ್ಮಿಯ ಜೊತೆ ಅಷ್ಟು ಮಾತಾಡಿದ್ದೇ ಇಲ್ಲವಂತೆ. ಕುದುರೆಯ ನೆಪದಿಂದ ಗಂಡ ಸಿಕ್ಕನಲ್ಲ ಎಂದು ಅಮ್ಮಿ ಪಕ್ಕದ ಮನೆಯವರೊಂದಿಗೆ ತಮಾಷೆ ಮಾಡುತ್ತಿದ್ದಳು.

ಮೊದಲು ಗೊತ್ತಾದದ್ದು ಅಮ್ಮಿಗೇ ಎಂದು ನಾನು ತಿಳಿದಿದ್ದೆ. ಹುರಳಿಯ ಬುಟ್ಟಿಯನ್ನು ಕಿಂಡಿಯ ಹತ್ತಿರ ತಂದು ಅಲ್ಲಾಡಿಸಿದರೆ ಸಾಕು, ಮಲಗಿದ್ದ ಬೂದಿ ಎದ್ದು ಬರುತ್ತಿತ್ತು. ನವಾಬ ಬರುತ್ತಿದ್ದುದು ಬೂದಿ ಹೊರಟದ್ದನ್ನು ನೋಡಿದ ಮೇಲೆ. ಒಂದು ಮಧ್ಯಾಹ್ನ ಬೂದಿ ಹೊರಗಿದ್ದಾಗ ಅಮ್ಮಿ ಬುಟ್ಟಿ ಅಲ್ಲಾಡಿಸಿದಳು, ಕರೆದಳು, ಕಿಂಡಿಯ ಕಲ್ಲಿನ ಮೇಲೆ ಸೌಟಿನಿಂದ ಬಡಿದಳು. ಅವನು ನಮಗೆ ಬೆನ್ನು ಮಾಡಿಕೊಂಡು ಬೀದಿ ನೋಡುತ್ತಿದ್ದ. ಅಮ್ಮಿ ನನಗೆ ಆ ಕಡೆ ಹೋಗಿ ಅವನ ಮುಂದೆ ನಿಂತು ಕಿವಿ ಮಾತ್ರ ನೋಡು ಎಂದಳು. ನಾನು ನಿಂತೆ. ಅವಳು ಹಿಂದಿನಿಂದ ತಾಟು ಬಡಿದಳು, ಚಪ್ಪಾಳೆ ತಟ್ಟಿದಳು, ಕೊನೆಗೆ ಹೆಸರು ಹಿಡಿದು ಕೂಗಿದಳು. ಅವನ ಕಿವಿಗಳು ನನ್ನ ಕಡೆಗೇ ನೆಟ್ಟಿದ್ದವು, ನಾನು ಅವನ ಮುಂದೆ ಇದ್ದೆನಲ್ಲ, ಅದಕ್ಕೆ. ಹಿಂದಕ್ಕೆ ಒಮ್ಮೆಯೂ ತಿರುಗಲಿಲ್ಲ. ನಾನು ಅಮ್ಮಿಗೆ ಹಾಗೆಂದೆ. ಅವಳು ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ನಿಮ್ಮ ಅಬ್ಬಾಗ ಹೇಳಬ್ಯಾಡ. ಈಗರ ನಗಾಕ ಹತ್ಯಾನ. ಹೆಂಗೂ ಪಳಗಿಸ್ತಾನ, ಅವನ ಕೈಯಾಗ ಎಲ್ಲಾ ಪಳಗತಾವು."

ಚಳಿ ಕಳೆಯುವಷ್ಟರಲ್ಲಿ ಬೂದಿ ಹೋಯಿತು. ಒಂದು ಬೆಳಗ್ಗೆ ಏಳಲಿಲ್ಲ, ಅಷ್ಟೇ. ದಾದಿ ಬಾಯಿಬಡಿದುಕೊಂಡು ಅತ್ತಳು; ಅಬ್ಬಾ ಅದರ ಕೊರಳಪಟ್ಟಿ ಬಿಚ್ಚಿ ನವಾಬನಿಗೆ ಕಟ್ಟಿದ. ಇನ್ನು ಮುಂದೆ ನವಾಬ ಒಂಟಿ, ನೋಡಿ ನಡೆಯಲು ಪಕ್ಕದಲ್ಲಿ ಬೂದಿ ಇಲ್ಲ. ಅಲ್ಲಿಂದ ಅಬ್ಬಾನ ರೀತಿ ಬದಲಾಯಿತು. ಬಾಯಿಯ ದನಿಗಳನ್ನು ಬಿಟ್ಟು ಲಗಾಮು ಹಿಡಿದ. ಬಾರುಕೋಲಿನ ತುದಿಯಿಂದ ಎಡ ಭುಜ ಮುಟ್ಟಿದರೆ ಈ ಕಡೆ, ಬಲ ಭುಜ ಮುಟ್ಟಿದರೆ ಆ ಕಡೆ ಎಂದು ಕಲಿಸಿದ. ಹೊಸ ಕುದುರೆಗೆ ಹೊಸ ಪದ್ಧತಿ ಎಂದು ಸ್ಟ್ಯಾಂಡಿನವರಿಗೆ ಹೇಳುತ್ತಿದ್ದ. ಕಣ್ಣುಪಟ್ಟಿಯ ವಿಷಯದಲ್ಲಿ ಮಾತ್ರ ಅವನು ಒಂದು ನಿರ್ಧಾರಕ್ಕೆ ಬರಲಾರದೆ ಒದ್ದಾಡಿದ. ಟಾಂಗಾದ ಕುದುರೆಗೆ ಅಕ್ಕಪಕ್ಕ ಕಾಣದಂತೆ ಚರ್ಮದ ಪಟ್ಟಿ ಕಟ್ಟುವುದು ರೂಢಿ. ಕಟ್ಟಿದರೆ ನವಾಬ ನಾಲ್ಕು ಹೆಜ್ಜೆ ಹಾಕಿ ನಡುಗುತ್ತ ನಿಂತುಬಿಡುತ್ತಿದ್ದ; ಕೇಳಿಸದವನಿಗೆ ಕಾಣುವುದನ್ನೂ ಮುಚ್ಚಿದರೆ ಅವನಾದರೂ ಏನು ಮಾಡಿಯಾನು. ಬಿಚ್ಚಿದರೆ ಚೆನ್ನಾಗಿ ನಡೆಯುತ್ತಿದ್ದ, ಆದರೆ ಹಿಂದಿನಿಂದ ಬಂದ ಸೈಕಲ್ಲು ಕೂಡ ಅವನ ಪಾಲಿಗೆ ನೆಲದಿಂದ ಎದ್ದು ಬಂದಂತೆ. ಪಕ್ಕಕ್ಕೆ ಹಾರುತ್ತಿದ್ದ. ಎಲ್ಲ ಕುದುರೆಗಳಿಗೂ ಸದ್ದು ಮೊದಲು ಬಂದು ಗಾಡಿ ಆಮೇಲೆ ಬರುತ್ತದೆ. ಇವನಿಗೆ ಗಾಡಿಯೇ ಬರುತ್ತಿತ್ತು. ಅಬ್ಬಾ ಒಂದು ದಿನ ಪಟ್ಟಿ ಕಟ್ಟುತ್ತಿದ್ದ, ಮರುದಿನ ಬಿಚ್ಚುತ್ತಿದ್ದ, ಮೂರನೆಯ ದಿನ ಕತ್ತರಿಯಿಂದ ಕತ್ತರಿಸಿ ಅರ್ಧ ಮಾಡುತ್ತಿದ್ದ. ಪಳಗಿಸುವ ಹಂತ ಎಂದು ನಾನು ಅಂದುಕೊಂಡಿದ್ದೆ.

ಜನಕ್ಕೆ ನವಾಬನ ಹಾರಾಟ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಆಟೋ ಅಗ್ಗವೂ ಆಗಿತ್ತು, ಬೇಗವೂ ಆಗಿತ್ತು, ಈಗ ಭಯವಿಲ್ಲದ್ದೂ ಆಯಿತು. ಅಬ್ಬಾ ಸ್ಟ್ಯಾಂಡಿನಲ್ಲಿ ಬಿಸಿಲಿಗೆ ನಿಂತು ಬರಿಗೈಯಲ್ಲಿ ಬರುತ್ತಿದ್ದ. ಬಿಡದೆ ಬರುತ್ತಿದ್ದವಳು ಗಿರಿಜಕ್ಕ ಒಬ್ಬಳೇ. ಸಾಲೆಯ ಮಾಸ್ತರರ ಹೆಂಡತಿ, ದೊಡ್ಡ ಕುಂಕುಮ, ದೊಡ್ಡ ದನಿ. ಪೆಟ್ರೋಲಿನ ವಾಸನೆಗೆ ಅವಳಿಗೆ ವಾಂತಿ ಬರುತ್ತಿದ್ದುದರಿಂದ ಬಸ್ಸು ಆಟೋ ಯಾವುದೂ ಆಗುತ್ತಿರಲಿಲ್ಲ. ಹುಣ್ಣಿಮೆಗೊಮ್ಮೆ ಹೇಮಗುಡ್ಡದ ದುರ್ಗಮ್ಮನಿಗೆ ಉಡಿ ತುಂಬಲು ಅಬ್ಬಾನ ಟಾಂಗಾದಲ್ಲೇ ಹೋಗಬೇಕು. ಅವಳ ಅತ್ತೆಯೂ ನಮ್ಮ ಅಜ್ಜನ ಟಾಂಗಾದಲ್ಲಿ ಹೀಗೆಯೇ ಹೋಗುತ್ತಿದ್ದಳಂತೆ. ಬರುವಾಗ ಅವಳು ನನಗೆ ತೆಂಗಿನಕಾಯಿಯ ಹೋಳು, ನವಾಬನಿಗೆ ಬೆಲ್ಲ ಕೊಡುತ್ತಿದ್ದಳು. ಅವನು ಬೆಲ್ಲ ನೆಕ್ಕುವಾಗ ಅವಳು ಅವನ ಕಿವಿಯ ಹತ್ತಿರ ಬಾಯಿಟ್ಟು ಏನೇನೋ ಹೇಳುತ್ತಿದ್ದಳು. ಅಬ್ಬಾ ಆಗ ಬೇರೆ ಕಡೆ ನೋಡುತ್ತಿದ್ದ.

ಆ ಹುಣ್ಣಿಮೆ ಸಾಲೆಗೆ ರಜೆ ಇತ್ತು. ನನ್ನನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ಗಿರಿಜಕ್ಕ ಬಾಗಿಲಿಗೇ ಬಂದಳು. ಇವತ್ತು ಬೇಡ ಎಂದು ಅಮ್ಮಿಯ ಬಾಯಿಗೆ ಬಂದದ್ದು ನನಗೆ ಕಾಣಿಸಿತು. ಅವಳು ಅಬ್ಬಾನ ಮುಖ ನೋಡಿದಳು, ನುಂಗಿಕೊಂಡಳು, ಮುಂದುಗಡೆ ಅಬ್ಬಾನ ಪಕ್ಕ ಗಟ್ಟಿಯಾಗಿ ಹಿಡಿದುಕೊಂಡು ಕೂರು ಎಂದಷ್ಟೇ ಹೇಳಿದಳು. ಗಿರಿಜಕ್ಕ ಹಿಂದಿನ ಸೀಟಿನಲ್ಲಿ ರಸ್ತೆಗೆ ಮುಖ ಮಾಡಿ, ಕಾಲು ಇಳಿಬಿಟ್ಟು, ಉಡಿಯ ಸಾಮಾನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಎರಡೂ ಕಡೆ ಭತ್ತದ ಗದ್ದೆ, ಕಾಲುವೆಯ ನೀರು ತುಂಬಿ ಹರಿಯುತ್ತಿತ್ತು. ಹಿಂದೆ ಭತ್ತದ ಲಾರಿ ಬರುತ್ತಿರುವುದು ನನಗೂ ಕೇಳಿಸಿತು, ಅಬ್ಬಾನಿಗೂ ಕೇಳಿಸಿತು. ಅವನು ಲಗಾಮು ಬಿಗಿ ಮಾಡಿದ. ಲಾರಿಯವನು ಹಾರ್ನು ಹೊಡೆಯುತ್ತಲೇ ಬಂದ, ಅವನದೇನೂ ತಪ್ಪಿಲ್ಲ. ನವಾಬನ ಕಿವಿ ಮುಂದಕ್ಕೇ ಇದ್ದವು. ಲಾರಿಯ ಚಕ್ರ ಅವನ ಬೆಳ್ಳಗಣ್ಣಿನ ಪಕ್ಕಕ್ಕೆ ಬಂದಾಗ ಅವನು ಒಮ್ಮೆಲೇ ಇಡೀ ಮೈಯಿಂದ ಗದ್ದೆಯ ಕಡೆ ಹಾರಿದ. ಅಬ್ಬಾ ಕೂಗಿದ. ಅಂಜಬೇಡ ಎನ್ನುವ ಆ ಹಳೆಯ ದನಿಯನ್ನೇ ಅವನು ಕೂಗಿದ್ದು. ನಾನು ಕೆಸರಿನಲ್ಲಿ ಬಿದ್ದೆ, ನನಗೇನೂ ಆಗಲಿಲ್ಲ. ಗಿರಿಜಕ್ಕನ ಮೇಲೆ ಟಾಂಗಾದ ಮಗ್ಗುಲು ಬಿದ್ದಿತ್ತು. ಅವಳ ಸೊಂಟ ಮುರಿದಿತ್ತು.

ಆಮೇಲಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಗಿರಿಜಕ್ಕ ಮತ್ತೆ ನೆಟ್ಟಗೆ ನಡೆಯಲಿಲ್ಲ. ನವಾಬನ ಮೈಮೇಲೆ ಒಂದು ಗೀರೂ ಇರಲಿಲ್ಲ. ಕುರುಬರನ್ನು ಹುಡುಕಿಕೊಂಡು ಅಬ್ಬಾ ಯಲಬುರ್ಗಾಕ್ಕೆ ಹೋದ. ಅವರು ಎಂದೋ ಎದ್ದು ಹೋಗಿದ್ದರು. ಕಡೆಗೆ ಇಟ್ಟಿಗೆ ಭಟ್ಟಿಯವನೊಬ್ಬ ನವಾಬನನ್ನು ಹೊಡೆದುಕೊಂಡು ಹೋದ. ಅಬ್ಬಾ ಅವನಿಗೆ ಐಬು ಬಿಡಿಸಿ ಹೇಳಿದ. ಇಟ್ಟಿಗೆ ಹೊರಲು ಕಿವಿ ಯಾಕೆ ಎಂದು ಅವನು ನಕ್ಕ. ಬೇಸಿಗೆ ಮುಗಿಯುವುದರೊಳಗೆ ನವಾಬ ಅಲ್ಲೇ ಸತ್ತನಂತೆ. ಟಾಂಗಾದ ಮರ ನಮ್ಮ ಒಲೆಯಲ್ಲಿ ಉರಿಯಿತು, ದೊಡ್ಡ ಕೋಣೆ ಮೋಟಾರು ರಿಪೇರಿಯವನಿಗೆ ಬಾಡಿಗೆಗೆ ಹೋಯಿತು. ಅಬ್ಬಾ ಅಕ್ಕಿ ಗಿರಣಿಯ ಕಾವಲಿಗೆ ಸೇರಿ, ಉಳಿದ ಆಯುಷ್ಯವನ್ನು ಆ ಯಂತ್ರಗಳ ಸದ್ದಿನಲ್ಲಿ ಕಳೆದ. ಕೊನೆಯ ವರ್ಷಗಳಲ್ಲಿ ಅವನ ಜೊತೆ ಮಾತಾಡಬೇಕೆಂದರೆ ನಾವು ಎದುರಿಗೆ ಹೋಗಿ ನಿಲ್ಲಬೇಕಿತ್ತು. ಯಾವ ಕುದುರೆಯನ್ನು ನೋಡಲೂ ಅವನನ್ನು ಯಾರೂ ಮತ್ತೆ ಕರೆಯಲಿಲ್ಲ.

ಆದರೆ ನನಗೆ ಮರೆಯಲಾಗದ್ದು ಅದೇ ದಿನದ ಸಂಜೆ. ಗಿರಿಜಕ್ಕನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಅಮ್ಮಿ, ಅಬ್ಬಾ, ನಾನು ಅವಳ ಮಂಚದ ಬಳಿ ನಿಂತಿದ್ದೆವು. ಮಾಸ್ತರರು ಗೋಡೆ ನೋಡುತ್ತ ಕೂತಿದ್ದರು. ಅಬ್ಬಾ ಏನೋ ಹೇಳಲು ಬಾಯಿ ತೆರೆದ. ಅವಳೇ ಅವನನ್ನು ತಡೆದಳು. ನೋವಿನಲ್ಲಿ ಅವಳ ದೊಡ್ಡ ದನಿ ಪಿಸುಮಾತಾಗಿತ್ತು.

"ನೀ ಯಾಕ ಅಳತಿ ಮಕ್ತುಂ. ನೀ ನೋಡಿ ತಂದ ಜನಾವರ ಅದು, ಅದರಾಗ ಐಬು ಇರಂಗಿಲ್ಲ. ನನ್ನ ದೈವ ಖೊಟ್ಟಿ ಇತ್ತು."

ಅಬ್ಬಾ ತೆರೆದ ಬಾಯಿ ಮುಚ್ಚಿಕೊಂಡ. ನಾವು ನಡೆದುಕೊಂಡೇ ಮನೆಗೆ ಬಂದೆವು. ಯಾರೋ ನವಾಬನನ್ನು ತಂದು ಕಟ್ಟಿ ಹೋಗಿದ್ದರು, ಅವನು ಹೊಟ್ಟು ತಿನ್ನುತ್ತಿದ್ದ. ನಾವು ಗೋಡೆಗೆ ಬೆನ್ನು ಹಚ್ಚಿ ಅವನ ಪಕ್ಕ ದಾಟಿ ಒಳಗೆ ಬಂದೆವು. ದಾದಿ ಸಂಜೆಯ ಮಗ್ರಿಬ್ ನಮಾಜಿಗೆ ಕೂತಿದ್ದಳು. ಅಮ್ಮಿ ರೊಟ್ಟಿ ಬಡಿದು ಅಬ್ಬಾನ ಮುಂದೆ ತಾಟು ಇಟ್ಟಳು. ಅವನು ತುಂಡು ಮುರಿದು ಕೈಯಲ್ಲೇ ಹಿಡಿದುಕೊಂಡು ಕೂತ. ಅಮ್ಮಿ ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಅದಕ್ಕ ಕಿವಿ ಕೇಳಂಗಿಲ್ರಿ. ನನಗ ಗೊತ್ತಿತ್ತು. ನೀವು ನಕ್ಕೋಂತ ಇದ್ರಿ, ಹೇಳಾಕ ಬಾಯಿ ಬರಲಿಲ್ಲ."

ಅವನು ಸಿಟ್ಟಾಗುತ್ತಾನೆ, ತಾಟು ಎಸೆಯುತ್ತಾನೆ ಎಂದು ನಾನು ಕಾದೆ. ಹಾಗೆ ಆಗಿದ್ದರೆ ಚೆನ್ನಾಗಿತ್ತು.

"ನನಗೂ ಗೊತ್ತಿತ್ತು," ಅಂದ ಅಬ್ಬಾ. "ಬೂದಿ ಇದ್ದಾಗ ಗೊತ್ತಾಗಿತ್ತು. ನೀ ಅಂಜತಿ ಅಂತ ಹೇಳಲಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ದಾದಿಯ ತುಟಿಗಳು ಅಲುಗುವುದು ನಿಂತಿತ್ತು, ಆದರೆ ಅವಳು ತಲೆ ಎತ್ತಲಿಲ್ಲ. ಇಷ್ಟು ದಿನ ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಒಬ್ಬರ ಮುಖ ನೋಡಿ ಇನ್ನೊಬ್ಬರು ಸುಮ್ಮನಿದ್ದರು ಎಂಬುದು ನನ್ನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಕೇಳದೆ ಇರಲಾಗಲಿಲ್ಲ.

"ಮತ್ತ ಗಿರಿಜಕ್ಕನ್ನ ಯಾಕ ಕುಂದ್ರಿಸಿಕೊಂಡ್ರಿ, ಅಬ್ಬಾ?"

ಅವನು ನನ್ನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳಿದವರಿಗೆ ಹೇಳುವ ಹಾಗೆ, ಸಹಜವಾಗಿಯೇ ಹೇಳಿದ.

"ಮತ್ತ ಯಾರನ್ನ ಕುಂದ್ರಿಸಿಕೊಳ್ಳಲಿ, ಮುನ್ನಿ? ಬ್ಯಾರೆ ಯಾರು ಬರತಿದ್ರು?"